ವಜಾ ಆದ ಕೇಸಿಗೆ ಅಪೀಲು: ಚಾಮರಾಜಪುರಂನ ಒಂದು ವಕೀಲರ ಆಫೀಸಿನ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ವಕೀಲರ ಹೆಸರು ಸಿಗುವುದಿಲ್ಲ. ನಿಮ್ಮ ಬಗ್ಗೆ ಬರೆಯುತ್ತೇನೆ ಅಂದಾಗ ಅವರೇ ಬೇಡ ಅಂದರು. ವಕೀಲರು ಜಾಹೀರಾತು ಕೊಡುವಂತಿಲ್ಲ, ಭಾರತೀಯ ವಕೀಲರ ಪರಿಷತ್ತಿನ ನಿಯಮ 36 ಅದನ್ನು ತಡೆಯುತ್ತದೆ. "ನೀವು ಪ್ರೀತಿಯಿಂದ ಬರೆದರೂ ನಾನೇ ಬರೆಸಿದೆ ಅಂತಾರೆ ಮೇಡಂ. ಬೇಕಿದ್ರೆ ಕೆಲಸದ ಬಗ್ಗೆ ಬರೀರಿ" ಅಂದರು. ಹಾಗಾಗಿ ಕೆಲಸದ ಬಗ್ಗೆ ಬರೆಯುತ್ತೇನೆ. ಆಫೀಸು ಇರುವುದು ಮೈಸೂರಿನ ಚಾಮರಾಜಪುರಂ ರೈಲ್ವೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಹಳೇ ಮನೆಯ ಮಹಡಿಯಲ್ಲಿ. ಒಬ್ಬ ಲಾಯರಮ್ಮ, ಒಬ್ಬ ಜೂನಿಯರ್ ಹುಡುಗ, ಅಷ್ಟೇ ಜನ. ನಾನು ಕೊಡುವುದು ಐದಕ್ಕೆ ನಾಲ್ಕು ಸ್ಟಾರ್.

ನನ್ನದು ಎನ್.ಆರ್. ಮೊಹಲ್ಲಾದಲ್ಲಿ ಸಣ್ಣ ಅಗರಬತ್ತಿ ಯೂನಿಟ್. ಮೊದಲು ಸುತ್ತಮುತ್ತಲಿನ ಹೆಂಗಸರು ಮನೆಯಲ್ಲೇ ಕೈಯಲ್ಲಿ ಹೊಸೆದು ತಂದುಕೊಡುತ್ತಿದ್ದರು. ಆರ್ಡರ್ ಜಾಸ್ತಿ ಆದಮೇಲೆ ಅಹಮದಾಬಾದಿನ ಒಂದು ಕಂಪನಿಯಿಂದ ಎರಡು ಮಷೀನ್ ತರಿಸಿದೆ. ಎರಡಕ್ಕೂ ಸೇರಿ 2,60,000 ರೂಪಾಯಿ. ಕೊಟೇಶನ್ ವಾಟ್ಸಾಪಿನಲ್ಲಿ ಬಂತು. ದುಡ್ಡು ಇಲ್ಲಿನ ಬ್ಯಾಂಕಿನಿಂದ ಹೋಯಿತು. ಲಾರಿಯಲ್ಲಿ ಮಷೀನ್ ಬಂತು, ಅವರ ಟೆಕ್ನಿಷಿಯನ್ ಬಂದು ಜೋಡಿಸಿ ಹೋದ. ಅವನು ರೈಲು ಹತ್ತಿದ್ದೇ ತಡ, ಗೋಳು ಶುರುವಾಯಿತು. ಅಂಟಿಗೆ ಹಾಕುವ ಜಿಗಟ್ ಪುಡಿ, ಇದ್ದಲು ಪುಡಿ ಎಷ್ಟು ಹದ ಮಾಡಿ ಕಲಸಿದರೂ ನಾಝಲ್ ಹತ್ತಿರ ಕಡ್ಡಿ ಸಿಕ್ಕಿಕೊಂಡು ಟಕ್ ಅಂತ ಮುರಿಯುವುದು. ಮುರಿಯದೆ ಹೊರಗೆ ಬಂದದ್ದೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ಬಿದಿರು ಬರಿಮೈ. ಸಂಜೆಗೆ ಮುರಿದ ಕಡ್ಡಿಯೇ ಒಂದು ಚೀಲ ಆಗುತ್ತಿತ್ತು. ಕಂಪನಿಯವರು ಮೊದಮೊದಲು ಮಸಾಲೆ ಸರಿಯಿಲ್ಲ ಅಂದರು, ಆಮೇಲೆ ಕರೆಂಟ್ ಸರಿಯಿಲ್ಲ ಅಂದರು, ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟರು. ದುಡ್ಡು ವಾಪಸ್ ಕೊಡಿಸಿ ಅಂತ ಮೈಸೂರಿನಲ್ಲೇ ಕೇಸು ಹಾಕಿದೆ.

ಅವರು ಇಲ್ಲಿನ ವಕೀಲರನ್ನೇ ಇಟ್ಟುಕೊಂಡು ಬಂದರು. ಮಷೀನ್ ಚೆನ್ನಾಗಿದೆ ಅಂತ ವಾದ ಮಾಡುವ ಗೋಜಿಗೇ ಹೋಗಲಿಲ್ಲ. ಬಿಲ್ಲಿನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಸಬ್ಜೆಕ್ಟ್ ಟು ಅಹಮದಾಬಾದ್ ಜೂರಿಸ್‌ಡಿಕ್ಷನ್' ಅಂತ ಇದೆ, ತಕರಾರು ಏನಿದ್ದರೂ ಅಲ್ಲಿನ ಕೋರ್ಟಿನಲ್ಲೇ ಅಂದರು. ಕೋರ್ಟು ಆ ಪ್ರಶ್ನೆಯನ್ನೇ ಮೊದಲು ತೆಗೆದುಕೊಂಡಿತು. ವ್ಯಾಪ್ತಿ, ಅಂದರೆ ಈ ಕೇಸು ಕೇಳುವ ಅಧಿಕಾರ, ತನಗೆ ಇಲ್ಲ ಅಂತ ದಾವೆ ವಜಾ ಆಯಿತು. ಸಾಕ್ಷಿ ಇಲ್ಲ, ವಿಚಾರಣೆ ಇಲ್ಲ, ಮಷೀನಿನ ಬಗ್ಗೆ ಒಂದು ಸಾಲೂ ಇಲ್ಲ.

"ನೋಡಮ್ಮ, ಇನ್ನು ಅಹಮದಾಬಾದಿಗೆ ಹೋಗಬೇಕು, ಇಲ್ಲಾಂದ್ರೆ ಕೈಬಿಡಬೇಕು" ಅಂದರು ನನ್ನ ಹಳೇ ವಕೀಲರು. ನಮ್ಮ ಭಾವನೂ ಕೈಬಿಡು ಅಂತಲೇ ಅಂದರು. ವಾಯಿದೆಗೊಂದು ರೈಲು ಟಿಕೆಟ್, ಲಾಡ್ಜು, ಅಲ್ಲೊಬ್ಬ ವಕೀಲರು. ಎರಡೂವರೆ ಲಕ್ಷ ವಸೂಲಿಗೆ ಇನ್ನೆಷ್ಟು ಸುರಿಯಬೇಕು? ಬಿಲ್ಲಿನಲ್ಲಿ ಆ ಸಾಲು ಅಚ್ಚು ಹಾಕಿಸುವುದೇ ಇದಕ್ಕೆ ಅಲ್ವಾ! ಪರಿಚಯದವರೊಬ್ಬರು ಈ ಆಫೀಸಿನ ದಾರಿ ತೋರಿಸಿದರು. ಬರೀ ಅಪೀಲಿಗೆ ಅಂತಲೇ ಹೋದೆ.

ಮೊದಲ ಭೇಟಿಯಲ್ಲೇ ನನಗೆ ಹಿಡಿಸಿದ್ದು ಏನೆಂದರೆ, ಲಾಯರಮ್ಮ ಕಥೆ ಕೇಳಲಿಲ್ಲ. ನಾನು ಮಷೀನ್ ಪುರಾಣ ಶುರು ಮಾಡಿದರೆ ಕೈ ಎತ್ತಿ, "ಮಷೀನ್ ಆಮೇಲೆ ಮೇಡಂ. ಆದೇಶ ಬಂದ ತಾರೀಕು ಹೇಳಿ. ನಕಲಿಗೆ ಅರ್ಜಿ ಹಾಕಿದ್ದೀರಾ?" ಅಂದರು. ಜಿಲ್ಲೆಯಲ್ಲೇ ಇರುವ ಮೇಲಿನ ಕೋರ್ಟಿಗೆ ಅಪೀಲು ಹಾಕಲು 30 ದಿನ ಮಾತ್ರ. ಹೈಕೋರ್ಟಿಗೆ ಹೋಗುವ ಕೇಸಾದರೆ 90 ದಿನ. 1963ರ ಕಾಲಮಿತಿ ಕಾಯ್ದೆಯ ಲೆಕ್ಕ ಇದು. ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದ ದಿನದಿಂದ ಅದು ತಯಾರಾಗುವವರೆಗಿನ ದಿನಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ. ಆದರೆ ತಯಾರಾದ ಮೇಲೂ ನಾವು ಹೋಗಿ ಈಸಿಕೊಳ್ಳದೆ ಕೂತರೆ ಆ ದಿನಗಳು ನಮ್ಮ ತಲೆಗೇ. ಅರ್ಜಿಯನ್ನೇ ತಡವಾಗಿ ಹಾಕಿದರೆ ಅದಕ್ಕೆ ಮೊದಲು ಕಳೆದ ದಿನಗಳಿಗೂ ಮಾಫಿ ಇಲ್ಲ. ಗಡುವು ಮೀರಿದರೆ ಅದೇ ಕಾಯ್ದೆಯ ಕಲಂ 5ರ ಕೆಳಗೆ ವಿಳಂಬ ಮನ್ನಿಸಿ ಅಂತ ಕೇಳಬಹುದು, ಆದರೆ ಅದಕ್ಕೆ ಬೇರೆ ಅರ್ಜಿ, ಬೇರೆ ವಾದ, ಗಟ್ಟಿ ಕಾರಣ. ನನಗೆ ಇದ್ಯಾವುದನ್ನೂ ಯಾರೂ ಹೇಳಿರಲಿಲ್ಲ. ಅವತ್ತೇ ಜೂನಿಯರ್ ಹುಡುಗ ನಕಲಿನ ಅರ್ಜಿ ಬರೆದುಕೊಟ್ಟ. ಆಗಿನ್ನೂ ಫೀಸಿನ ಮಾತೇ ಬಂದಿರಲಿಲ್ಲ.

ಇನ್ನೊಂದು ವಿಷಯ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 1987ರ ಕಾಯ್ದೆಯಲ್ಲೇ ಆ ಹಕ್ಕಿದೆ. ಇದನ್ನು ನನಗೆ ಹೇಳಿದ್ದು ಫೀಸ್ ತೆಗೆದುಕೊಳ್ಳಬೇಕಾದ ಈ ಲಾಯರಮ್ಮನೇ. "ಅಲ್ಲಿ ಕೇಳಿ ನೋಡಿ, ಬೇಡ ಅನ್ನಿಸಿದರೆ ಇಲ್ಲಿಗೆ ಬನ್ನಿ" ಅಂದರು. ಇಷ್ಟು ಹೇಳುವವರ ಹತ್ತಿರವೇ ಕೇಸು ಇರಲಿ ಅಂತ ನಾನು ಉಳಿದುಕೊಂಡೆ.

ಆಮೇಲೆ ಕಾಗದ ನೋಡುವ ಕೆಲಸ. ನಾನು ಬಿಲ್ಲನ್ನು ಮೇಲಿಟ್ಟು ಕೊಟ್ಟಿದ್ದೆ. ಅದನ್ನು ಪಕ್ಕಕ್ಕೆ ಸರಿಸಿ ಕಟ್ಟಿನ ಹಿಂಭಾಗದಿಂದ ಕೊಟೇಶನ್ ಎಳೆದರು. ಹಳೇ ಕಾಸ್ ಲಿಸ್ಟಿನ (ಕೋರ್ಟಿನ ಆ ದಿನದ ಕೇಸುಗಳ ಪಟ್ಟಿ) ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ತಾರೀಕುಗಳನ್ನು ಒಂದರ ಕೆಳಗೊಂದು ಬರೆದರು. ಕೊಟೇಶನ್, ಅಡ್ವಾನ್ಸ್, ಬಾಕಿ ದುಡ್ಡು, ಎಲ್ಲಕ್ಕಿಂತ ಕೆಳಗೆ ಬಿಲ್ಲು. ಬಿಲ್ಲಿನ ಸುತ್ತ ಒಂದು ಸುತ್ತು ಹಾಕಿ ಪೆನ್ಸಿಲ್ ಇಟ್ಟರು. ವ್ಯಾಪಾರ ಕುದುರಿದ್ದು ಕೊಟೇಶನ್ ಒಪ್ಪಿ ಅಡ್ವಾನ್ಸ್ ಕೊಟ್ಟಾಗ. ಅದರಲ್ಲಿ ಅಹಮದಾಬಾದ್ ಕೋರ್ಟಿನ ಮಾತೇ ಇಲ್ಲ. 'ಡೆಲಿವರಿ ಮತ್ತು ಜೋಡಣೆ ಮೈಸೂರಿನಲ್ಲಿ' ಅಂತ ಮಾತ್ರ ಇದೆ. ಬಿಲ್ಲು ಬಂದದ್ದು ಮಷೀನಿನ ಪೆಟ್ಟಿಗೆಯ ಜೊತೆ. ಅದಕ್ಕೆ ನನ್ನ ಸಹಿಯೂ ಇಲ್ಲ. ವ್ಯಾಪಾರ ಮುಗಿದ ಮೇಲೆ ಒಬ್ಬರೇ ಅಚ್ಚು ಹಾಕಿ ಕಳಿಸಿದ ಷರತ್ತಿಗೆ ಇನ್ನೊಬ್ಬರು ಒಪ್ಪಿದರು ಅಂತ ಸುಮ್ನೆ ಹೇಳಲಾಗುತ್ತಾ?

ಕೊಟೇಶನ್ ಪ್ರತಿ ಮೂಲ ದಾವೆಯ ಜೊತೆಗೇ ಕೋರ್ಟಿನಲ್ಲಿ ಇತ್ತು. ಅದು ಮುಖ್ಯ. ಅಪೀಲಿನಲ್ಲಿ ಹೊಸ ದಾಖಲೆ ತಂದು ತುರುಕುವುದು ಸುಲಭವಲ್ಲ, ಸಿವಿಲ್ ಕೇಸು ನಡೆಸುವ ಕ್ರಮ ಹೇಳುವ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41 ನಿಯಮ 27ರಲ್ಲಿ ಹೇಳಿರುವ ಕಾರಣಗಳು ಇರಬೇಕು.

ಫೀಸು 30,000 ರೂಪಾಯಿ, ಮೂರು ಕಂತು. ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಕೋರ್ಟ್ ಫೀ, ಟೈಪಿಂಗ್, ಜೆರಾಕ್ಸ್ ಬೇರೆ. ಅದೇ ಹಾಳೆಯಲ್ಲಿ ಇನ್ನೊಂದು ಸಾಲು ಇತ್ತು, ಅದನ್ನು ನನ್ನ ಕೈಯಲ್ಲೇ ಓದಿಸಿದರು: ಈ ಅಪೀಲು ಗೆದ್ದರೆ ದುಡ್ಡು ಬರುವುದಿಲ್ಲ, ಕೇಸು ವಿಚಾರಣೆಗೆ ಕೆಳಗಿನ ಕೋರ್ಟಿಗೆ ವಾಪಸ್ ಬರುತ್ತದೆ. ಮೊದಲು ಸ್ವಲ್ಪ ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದರೆ, ದುಡ್ಡು ಕೊಡುವ ಮುಂಚೆ ಹೀಗೆ ಬರೆದುಕೊಡುವವರು ಎಷ್ಟು ಜನ ಇದ್ದಾರೆ?

ಕಾನೂನಿನ ಭಾಗವನ್ನು ನನಗೆ ಅರ್ಥವಾಗುವ ಹಾಗೆ ಹೇಳಿಕೊಟ್ಟಿದ್ದು ಈ ಆಫೀಸಿನ ದೊಡ್ಡ ಗುಣ. ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ, ಇದೇ ಸ್ಥಿತಿಯಲ್ಲಿ ಇರುವವರಿಗೆ ಉಪಯೋಗವಾಗಬಹುದು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 20ರ ಪ್ರಕಾರ ಇಂಥ ದುಡ್ಡಿನ ದಾವೆಯನ್ನು ಪ್ರತಿವಾದಿ ಇರುವ ಊರಿನಲ್ಲಿ ಹಾಕಬಹುದು, ಅಥವಾ ತಕರಾರಿಗೆ ಕಾರಣವಾದ ಸಂಗತಿ ಪೂರ್ತಿಯಾಗಿ ಇಲ್ಲವೇ ಭಾಗಶಃ ನಡೆದ ಊರಿನಲ್ಲಿ ಹಾಕಬಹುದು. ಮಷೀನ್ ಬಂದಿದ್ದು ಇಲ್ಲಿ, ಕೂರಿಸಿದ್ದು ಇಲ್ಲಿ, ಕೆಟ್ಟಿದ್ದು ಇಲ್ಲಿ. ಜಮೀನು, ಮನೆ ಆದರೆ ಬೇರೆ ಲೆಕ್ಕ, ಆಸ್ತಿ ಎಲ್ಲಿದೆಯೋ ಅಲ್ಲಿ. ಮೈಸೂರಲ್ಲಿ ಕೂತು ಶ್ರೀರಂಗಪಟ್ಟಣದ ಗದ್ದೆಗೆ ಇಲ್ಲಿ ದಾವೆ ಹಾಕಿದರೆ ನಡೆಯುವುದಿಲ್ಲ, ಅದು ಮಂಡ್ಯ ಜಿಲ್ಲೆ.

ಹಾಗಾದರೆ ಒಪ್ಪಂದದಲ್ಲಿ ಒಂದು ಊರು ಅಂತ ಬರೆದಿದ್ದರೆ? ವ್ಯಾಪ್ತಿಯೇ ಇಲ್ಲದ ಕೋರ್ಟಿಗೆ ಒಪ್ಪಂದದಿಂದ ವ್ಯಾಪ್ತಿ ಕೊಡಲಾಗದು. ಆದರೆ ಎರಡು ಕಡೆ ವ್ಯಾಪ್ತಿ ಇದ್ದರೆ ಅದರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಸುಪ್ರೀಂ ಕೋರ್ಟ್ ಇದನ್ನು 1971ರಲ್ಲೇ ಹಕಮ್ ಸಿಂಗ್ ಕೇಸಿನಲ್ಲಿ ಹೇಳಿದೆ. ನನಗೆ ಮಜಾ ಅನ್ನಿಸಿದ್ದು 1989ರ ಎ.ಬಿ.ಸಿ. ಲ್ಯಾಮಿನಾರ್ಟ್ ಕೇಸು. ಮಾರಿದವರು ಗುಜರಾತಿನ ಕೈರಾದವರು, ಕೊಂಡವರು ಸೇಲಂನಲ್ಲಿ ದಾವೆ ಹಾಕಿದ್ದರು. 'ಕೈರಾ ಜೂರಿಸ್‌ಡಿಕ್ಷನ್' ಅಂತ ಷರತ್ತಿತ್ತು. ಸೇಲಂ ಕೋರ್ಟು ಇಲ್ಲಿ ನಡೆಯದು ಅಂತ ದಾವೆ ವಾಪಸ್ ಕೊಟ್ಟಿತ್ತು, ಮದ್ರಾಸ್ ಹೈಕೋರ್ಟ್ ಅದನ್ನು ತಿರುಗಿಸಿತು, ಸುಪ್ರೀಂ ಕೋರ್ಟೂ ಸೇಲಂನಲ್ಲೇ ನಡೆಯಲಿ ಅಂದಿತು. ಷರತ್ತಿನಲ್ಲಿ ಬೇರೆ ಕೋರ್ಟುಗಳನ್ನು ಹೊರಗಿಡುವ ಪದ ಇರಲಿಲ್ಲ ಅನ್ನುವುದು ಅಲ್ಲಿ ಮುಖ್ಯವಾಗಿತ್ತು. ನನ್ನ ಕೇಸೇ ಇದು ಅಂತ ಕುಣಿದಾಡುವಷ್ಟು ಖುಷಿಯಾಯಿತು. ಲಾಯರಮ್ಮ ತಕ್ಷಣ ತಣ್ಣೀರು ಎರಚಿದರು. 2013ರಲ್ಲಿ ಸ್ವಸ್ತಿಕ್ ಗ್ಯಾಸಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, 'ಮಾತ್ರ' ಅನ್ನುವ ಪದ ಇಲ್ಲದಿದ್ದರೂ ಒಂದು ಊರನ್ನು ಹೆಸರಿಸಿದರೆ ಉಳಿದ ಊರುಗಳನ್ನು ಬಿಟ್ಟಂತೆಯೇ ಅಂದಿದೆ. ಎದುರಿನವರು ಅದನ್ನೇ ಹಿಡಿದುಕೊಂಡು ಬರುತ್ತಾರೆ. ಹಾಗೇ ಆಯಿತು. ಆದರೆ ಸ್ವಸ್ತಿಕ್ ಕೇಸಿನಲ್ಲಿದ್ದದ್ದು ಎರಡೂ ಕಡೆಯವರ ನಡುವಿನ ಲಿಖಿತ ಒಪ್ಪಂದ. ನನ್ನಲ್ಲಿರುವುದು ಪೆಟ್ಟಿಗೆಯಲ್ಲಿ ಬಂದ ಬಿಲ್ಲು. ಅಪೀಲು ನಿಂತದ್ದು ಈ ವ್ಯತ್ಯಾಸದ ಮೇಲೆ.

ಇದಕ್ಕೆ ಜೋಡಿಸಿ ಇನ್ನೆರಡು ಕಾರಣ ಹಾಕಿದರು. ಒಂದು, ನಾನು ಆ ಷರತ್ತಿಗೆ ಒಪ್ಪಿದ್ದೆನಾ ಇಲ್ಲವಾ ಅನ್ನುವುದು ಸಾಕ್ಷಿ ಕೇಳಿ ತೀರ್ಮಾನಿಸಬೇಕಾದ ವಿಷಯ. ಅದೇ ಸಂಹಿತೆಯ ಆದೇಶ 14 ನಿಯಮ 2ರಲ್ಲಿ ಮೊದಲೇ ತೀರ್ಮಾನಿಸಲು ಅವಕಾಶ ಇರುವುದು ಬರೀ ಕಾನೂನಿನ ಪ್ರಶ್ನೆಗೆ. ಇನ್ನೊಂದು ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದದ್ದು. ಊರಿನ ವ್ಯಾಪ್ತಿ ಇಲ್ಲ ಅಂತಲೇ ಇಟ್ಟುಕೊಳ್ಳಿ, ಆಗಲೂ ದಾವೆಯನ್ನು ವಜಾ ಮಾಡಬಾರದು. ವಾದಪತ್ರವನ್ನು, ಅಂದರೆ ನಾವು ದಾವೆ ಹಾಕಿದ ಕಾಗದವನ್ನು, ವಾಪಸ್ ಕೊಟ್ಟು ಸರಿಯಾದ ಕೋರ್ಟಿಗೆ ಹಾಕಿಕೊಳ್ಳಿ ಅನ್ನಬೇಕು. ಆದೇಶ 7 ನಿಯಮ 10 ಅಂದರೆ ಅದೇ. ವಜಾ ಮತ್ತು ವಾಪಸ್, ಕಾಗದದ ಮೇಲೆ ಎರಡಕ್ಕೂ ಅಜಗಜಾಂತರ. ವಜಾ ಆದರೆ ಮಾಮೂಲಿ ಅಪೀಲು, ಕಲಂ 96. ವಾಪಸ್ ಆದರೆ ಆದೇಶ 43ರ ಕೆಳಗೆ ಬೇರೆ ಥರದ ಅಪೀಲು.

ವಾಪಸ್ ಆದವರಿಗೆ ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ಕಾಲಿಡಿ. ಯಾವ ಕೋರ್ಟಿಗೆ ಹೋಗಬೇಕೋ ಅಲ್ಲಿಗೆ ಹಾಜರಾಗುವ ತಾರೀಕನ್ನೂ ಇದೇ ಕೋರ್ಟು ಗೊತ್ತು ಮಾಡಿಕೊಡಲಿ ಅಂತ ಆದೇಶ 7ರ ನಿಯಮ 10ಎ ಕೆಳಗೆ ಅರ್ಜಿ ಹಾಕಬಹುದು. ಅನುಕೂಲ ಅನ್ನಿಸುತ್ತದೆ. ಆದರೆ ಆ ಅರ್ಜಿ ಮಂಜೂರಾದರೆ ವಾಪಸ್ ಕೊಟ್ಟ ಆದೇಶದ ಮೇಲೆ ಅಪೀಲು ಹೋಗುವ ಹಕ್ಕು ಹೋಯಿತು. ಹೊಸ ಊರಿನಲ್ಲಿ ಕೇಸು ನಿಂತಲ್ಲಿಂದ ಮುಂದುವರಿಯುವುದೂ ಇಲ್ಲ, ಮೊದಲಿನಿಂದ ಶುರು. 2020ರಲ್ಲಿ ಇ.ಎಕ್ಸ್.ಎಲ್. ಕೆರಿಯರ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಇದನ್ನು ಖಚಿತ ಮಾಡಿದ್ದಾರೆ. ಸಮಾಧಾನ ಅಂದರೆ, ತಪ್ಪು ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಓಡಾಡಿದ ಕಾಲವನ್ನು ಕಾಲಮಿತಿಯಿಂದ ಬಿಡಿಸಿಕೊಳ್ಳಬಹುದು, ಕಾಲಮಿತಿ ಕಾಯ್ದೆ ಕಲಂ 14.

ವಾದದ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಿರುಚಾಟ, ಮೇಜು ಗುದ್ದುವುದು ಏನೂ ಇಲ್ಲ. ಲಾಯರಮ್ಮ ತಾರೀಕಿನ ಪಟ್ಟಿಯನ್ನು ಟೈಪ್ ಮಾಡಿಸಿ ಒಂದೇ ಪುಟದಲ್ಲಿ ಕೊಟ್ಟರು. ಕೊಟೇಶನ್ ಯಾವ ಪುಟದಲ್ಲಿದೆ ಅಂತ ಹೇಳಿದರು, ನ್ಯಾಯಾಧೀಶರು ಆ ಪುಟ ತೆಗೆದು ಓದಿದರು. ಎದುರಿನ ವಕೀಲರು ತುಂಬ ಹೊತ್ತು ಮಾತಾಡಿದರು. ಮಷೀನ್ ಬಗ್ಗೆ ಯಾರೂ ಮಾತಾಡಲಿಲ್ಲ, ನನಗೆ ಅದೊಂದೇ ಬೇಜಾರು.

ಅಪೀಲು ಮಂಜೂರಾಯಿತು. ವಜಾ ಆದೇಶ ರದ್ದು. ದಾವೆಯನ್ನು ಹಳೇ ನಂಬರಿನಲ್ಲೇ ಮತ್ತೆ ತೆಗೆದುಕೊಂಡು ವಿಚಾರಣೆ ನಡೆಸಿ ಅಂತ ಕೆಳಗಿನ ಕೋರ್ಟಿಗೆ ಕಳಿಸಿದರು. ಆದರೆ ಅಹಮದಾಬಾದ್ ಭೂತ ಪೂರ್ತಿ ಬಿಟ್ಟಿಲ್ಲ. ಷರತ್ತಿಗೆ ನಾನು ಒಪ್ಪಿದ್ದೆನಾ ಅನ್ನುವುದನ್ನು ಸಾಕ್ಷಿ ಆದಮೇಲೆ ಉಳಿದ ಪ್ರಶ್ನೆಗಳ ಜೊತೆಯಲ್ಲೇ ತೀರ್ಮಾನಿಸಬೇಕು ಅಂತ ಆದೇಶದಲ್ಲಿದೆ. ಲಾಯರಮ್ಮ ಫೋನಿನಲ್ಲಿ ಮೊದಲು ಹೇಳಿದ್ದೇ ಇದನ್ನು, ಆಮೇಲೆ ಗೆದ್ದೆವು ಅಂದರು. ಹೀಗೆ ವಾಪಸ್ ಕಳಿಸಿದಾಗ ಅಪೀಲಿಗೆ ಕಟ್ಟಿದ ಕೋರ್ಟ್ ಫೀ ಹಿಂದಕ್ಕೆ ಕೇಳಬಹುದು, ಅದಕ್ಕೂ ಅರ್ಜಿ ಅವರೇ ಹಾಕಿದ್ದಾರೆ.

ಈಗ ಆ ಕಡಿಮೆಯಾದ ಒಂದು ಸ್ಟಾರ್. ಆಫೀಸಿನವರು ವಾಯಿದೆ ದಿನಾಂಕ ತಾವಾಗಿ ತಿಳಿಸುವುದಿಲ್ಲ. ನಾನು ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿ.ಎನ್.ಆರ್. ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ನೋಡಿಕೊಳ್ಳುತ್ತಿದ್ದೆ. ಫೋನ್ ಮಾಡಿದರೆ ಜೂನಿಯರ್ ಹುಡುಗ "ಮೇಡಂ ಕೋರ್ಟಲ್ಲಿದ್ದಾರೆ" ಅನ್ನುತ್ತಾನೆ, ಸಂಜೆಯೂ ಅದೇ ಉತ್ತರ. ಸಂಜೆ ಏಳಕ್ಕೆ ಯಾವ ಕೋರ್ಟಪ್ಪ ಇರುತ್ತೆ? ಜೆರಾಕ್ಸ್, ಟೈಪಿಂಗ್ ಲೆಕ್ಕಕ್ಕೆ ಚೀಟಿ ಕೇಳಿದ ಮೇಲಷ್ಟೇ ಕೊಟ್ಟರು. ಮೆಟ್ಟಿಲು ಕಡಿದು, ಮಂಡಿ ನೋವಿರುವವರಿಗೆ ಕಷ್ಟ. ಮೇಲೆ ಹೋದರೆ ಕಾಯುವವರಿಗೆ ಇರುವುದು ಎರಡು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಒಂದರ ಮೇಲೆ ಯಾವಾಗಲೂ ಫೈಲು. ಸ್ಕೂಟರ್ ನಿಲ್ಲಿಸುವ ಜಾಗದ ಬಗ್ಗೆ ಪಕ್ಕದ ಮನೆಯವರ ಜೊತೆ ನನಗೇ ಒಂದು ಸಣ್ಣ ಜಗಳ ಆಗಿದೆ.

ಫೀಸು ಜಾಸ್ತಿಯಾ? ಎರಡೂವರೆ ಲಕ್ಷದ ಕೇಸಿಗೆ ಮೂವತ್ತು ಸಾವಿರ ಹಗುರವೇನಲ್ಲ. ಅಹಮದಾಬಾದಿನ ಓಡಾಟದ ಮುಂದೆ ಕಡಿಮೆಯೇ. ಮೊತ್ತ ಇನ್ನೂ ಸಣ್ಣದಿದ್ದರೆ ನಾನು ಕಾನೂನು ಸೇವಾ ಪ್ರಾಧಿಕಾರದ ಬಾಗಿಲನ್ನೇ ತಟ್ಟುತ್ತಿದ್ದೆ.

ಮೂಲ ಕೇಸನ್ನೂ ಇವರಿಗೇ ಕೊಟ್ಟಿದ್ದೇನೆ, ಅದಕ್ಕೆ ಬೇರೆ ಫೀಸು, ಬೇರೆ ಹಾಳೆ. ಈ ಸಲ ವಾಯಿದೆ ತಾರೀಕನ್ನು ವಾಟ್ಸಾಪಿನಲ್ಲಿ ಕಳಿಸಬೇಕು ಅನ್ನುವ ಸಾಲನ್ನು ನಾನೇ ಸೇರಿಸಿದೆ. ಲಾಯರಮ್ಮ ನಕ್ಕು ಸಹಿ ಹಾಕಿದರು. ಮುಂದಿನ ವಾಯಿದೆಗೆ ಟೆಕ್ನಿಷಿಯನ್ ಬಂದು ಹೋದಾಗ ಬರೆದುಕೊಟ್ಟ ಸರ್ವಿಸ್ ಚೀಟಿ ಹುಡುಕಿ ತರಬೇಕಂತೆ.